‘ಅಡಿಕೆ ತಿನ್ನಡಿ’ ಎಂಬ ಬೋರ್ಡು

ಜನವರಿಯ ಮುಂಬೈ ಮ್ಯಾರಥಾನಿನಲ್ಲಿ ಓಡಲಿದ್ದೇನೆ, ಆ ನೆಪದಲ್ಲಿ ಬಡ ಕ್ಯಾನ್ಸರ್ ರೋಗಿಗಳಿಗಾಗಿ ಹಣ ಸಂಗ್ರಹಿಸುತ್ತಿದ್ದೇನೆ ಎಂದು ಶಿರಸಿ ಸೀಮೆಯ ಮನೆ ಮನೆಗೆ ಹೋಗಿ ಹೇಳುವುದು, ಬೆಳಗಿನ ಇಬ್ಬನಿಯಲ್ಲಿ ಬನವಾಸಿ ರಸ್ತೆಯ ಉದ್ದಕ್ಕೂ ಓಡುವುದಕ್ಕಿಂತ ಕಷ್ಟದ ಕೆಲಸ. ಕಾಲು ಸೋತರೆ ಕುಳಿತು ನೀರು ಕುಡಿಯಬಹುದು. ಜಗಲಿಯ ಮೇಲೆ ಕುಳಿತು ಚಹಾ ಕುಡಿದು, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ದುಡ್ಡಿನ ಮಾತನ್ನು ತೆಗೆಯುವ ಆ ಕ್ಷಣಕ್ಕೆ ಮಾತ್ರ ಯಾವ ತರಬೇತಿಯೂ ಇಲ್ಲ.

ಈ ವಾರ ಹೋದದ್ದು ತಾಯಿಯ ಕಡೆಯ ದೂರದ ನೆಂಟರೊಬ್ಬರ ಮನೆಗೆ. ಕೊಯ್ಲಿನ ಕಾಲವಾದ್ದರಿಂದ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಅಡಿಕೆ ಸುಲಿಯಲು ಕುಳಿತಿದ್ದರು. ಹಿತ್ತಿಲ ಕಡೆಯಿಂದ ಅಡಿಕೆ ಬೇಯುವ ತೊಗರಿನ ವಾಸನೆ ಬರುತ್ತಿತ್ತು. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸೊಬ್ಬರು, ಕೈಯನ್ನು ಒಂದಿಷ್ಟೂ ನಿಲ್ಲಿಸದೆ, ಎಷ್ಟು ದೂರ ಓಡಬೇಕೆಂದು ಕೇಳಿದರು. 42 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಇಲ್ಲಿಂದ ಸಿದ್ದಾಪುರ ದಾಟಿ ಮುಂದೆ ಹೋದಷ್ಟು ಎಂದೆ. ‘ಬಸ್ಸಿದ್ದಲಾ’ ಎಂದು ಅವರು ಹೇಳಿದ ರೀತಿಗೆ ಎಲ್ಲರೂ ನಕ್ಕರು.

ಮನೆಯ ಯಜಮಾನರು ನಗಲಿಲ್ಲ. ಅಡಕತ್ತರಿಯಿಂದ ಒಂದು ಗೋಟನ್ನು ನಿಧಾನವಾಗಿ ನಾಲ್ಕು ಹೋಳು ಮಾಡಿ, ಎಲೆಗೆ ಸುಣ್ಣ ಹಚ್ಚಿ, ಕವಳವನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿದರು: ‘ನಾ ಕೊಟ್ಟ ದುಡ್ಡಲ್ಲಿ ಅಡಿಕೆ ತಿನ್ನಡಿ ಹೇಳಿ ಬೋರ್ಡು ಹಾಕ್ತ್ವನಾ?’

ನಾನು ಹಣ ಕೂಡಿಸುತ್ತಿರುವ ಸಂಸ್ಥೆ ರೋಗಿಗಳ ವಸತಿಗೂ ಔಷಧಿಗೂ ನೆರವಾಗುವುದರ ಜೊತೆಗೆ ಹಳ್ಳಿಗಳಲ್ಲಿ ಬಾಯಿಯ ತಪಾಸಣೆಯ ಶಿಬಿರಗಳನ್ನೂ ನಡೆಸುತ್ತದೆ. ಅಂಥ ಶಿಬಿರದಲ್ಲಿ ಅಡಿಕೆಯ ಮಾತು ಬಾರದೆ ಇರುವುದಿಲ್ಲ. ‘ಹಾಕಿದರೂ ಹಾಕಬಹುದು’ ಎಂದೆ. ಅವರು ಕವಳ ಹಾಕಿಕೊಂಡರು, ಒಳಗೆ ಹೋಗಿ ಚೆಕ್ ಪುಸ್ತಕ ತಂದರು, 10,000 ರೂಪಾಯಿ ಬರೆದು ಕೊಟ್ಟರು. ಬೇರೆ ಮಾತಿಲ್ಲ.

ಮಾತಾಡಿದವನು ಅವರ ತಮ್ಮನ ಮಗ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವವನು. ಅಡಿಕೆಯ ವಿರುದ್ಧ ಹೇಳುವುದೆಲ್ಲ ವಿದೇಶಿ ಲಾಬಿ, ಪರೀಕ್ಷೆ ಮಾಡಿದ್ದು ಗುಟ್ಕಾವನ್ನು, ಹೆಸರು ಕೆಟ್ಟದ್ದು ನಮ್ಮ ಬೆಳೆಯದ್ದು ಎಂದು ಬಹಳ ಹೊತ್ತು ವಾದಿಸಿದ. ಒಂದು ರೂಪಾಯಿಯನ್ನೂ ಕೊಡಲಿಲ್ಲ ಎಂಬುದನ್ನು ಇಲ್ಲಿ ಬರೆಯದಿರಲು ನನಗೆ ಮನಸ್ಸಾಗುತ್ತಿಲ್ಲ. ಅವನ ವಾದದಲ್ಲಿ ಹುರುಳೇ ಇಲ್ಲವೆಂದಲ್ಲ. ತಂಬಾಕು ಬೆರೆತಾಗ ಅಪಾಯ ಹೆಚ್ಚುವುದು ನಿಜ, ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದದ್ದೂ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕಿಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಬಾಯಿಯ ಒಳಪದರವನ್ನು ವರ್ಷಗಟ್ಟಲೆ ಗಟ್ಟಿಯಾಗಿಸುತ್ತಾ ಹೋಗಿ, ಕೊನೆಗೆ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ತರುತ್ತದೆ. ಅಂಥವರಲ್ಲಿ ಕೆಲವರಿಗೆ ಅದೇ ಮುಂದೆ ಕ್ಯಾನ್ಸರಾಗುತ್ತದೆ.

ಯಜಮಾನರ ಅಣ್ಣನಿಗೆ ಆದದ್ದು ಅದೇ. ಊಟದ ಚಮಚ ಬಾಯಿಗೆ ಹೋಗದಂತಾದ ಮೇಲೆ ಅವರನ್ನು ಹುಬ್ಬಳ್ಳಿಗೆ, ಅಲ್ಲಿಂದ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೆ ಕರೆದೊಯ್ದರು. ಕ್ಯಾನ್ಸರ್ ಎಂದ ಕೂಡಲೇ ಘಟ್ಟದ ಮೇಲಿನವರು ಹುಬ್ಬಳ್ಳಿಯ ಬಸ್ಸು ಹತ್ತುವ, ಕರಾವಳಿಯವರು ಮಣಿಪಾಲಕ್ಕೋ ಗೋವೆಗೋ ಹೊರಡುವ ಜಿಲ್ಲೆ ನಮ್ಮದು. ಚಿಕಿತ್ಸೆಗಿಂತ ಮೊದಲು ಖರ್ಚಾಗುವುದು ದಾರಿಗೆ ಮತ್ತು ಉಳಿಯುವ ಕೋಣೆಗೆ. ಈ ಸಂಗತಿಯನ್ನು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ‘ಅಣ್ಣ ತಿಂದದ್ದು ಹೊಗೆಸೊಪ್ಪು’ ಎಂಬುದೇ ಅಲ್ಲಿ ಇಂದಿಗೂ ನಡೆಯುವ ಮಾತು. ಅದನ್ನು ಅಲ್ಲಗಳೆಯುವುದು ನನ್ನ ಕೆಲಸವೆಂದು ಅನ್ನಿಸಲಿಲ್ಲ. ಶಾಲೆಯ ಫೀಸು, ಮದುವೆ, ಮನೆಯ ಹಂಚು, ಆ ಮುಂಬೈಯ ಚಿಕಿತ್ಸೆ, ಎಲ್ಲವೂ ರಾಶಿ, ಬೆಟ್ಟೆ, ಚಾಲಿ ಎಂಬ ಅಡಿಕೆಯ ಬಗೆಗಳ ದರದ ಮೇಲೆ ನಿಂತಿರುವಾಗ, ಕೊಳೆರೋಗವೂ ಎಲೆಚುಕ್ಕೆಯೂ ಬಿಟ್ಟಷ್ಟೇ ಫಸಲು ಕೈಗೆ ಸಿಗುವಾಗ, ಆ ಬೆಳೆಯೇ ಅಣ್ಣನನ್ನು ಕೊಂದಿತೆಂದು ಒಪ್ಪಿಕೊಳ್ಳಬೇಕೆಂದು ಯಾರನ್ನು ಒತ್ತಾಯಿಸಬೇಕು?

ಭಾನುವಾರದ ಉದ್ದನೆಯ ಓಟದಲ್ಲಿ ಬೋರ್ಡಿನ ಪ್ರಶ್ನೆ ನನ್ನ ಜೊತೆಗೇ ಬಂತು. ಶಿರಸಿಯ ಚಳಿಯಲ್ಲಿ ಓಡಿದವರಿಗೆ ಮುಂಬೈಯ ಸೆಕೆ ತಡೆಯದೆಂದು, ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಓಡಿದೆ. ಹೆದ್ದಾರಿಯ ಬದಿಯಲ್ಲಿ, ಅಂಗಿ ಬೆನ್ನಿಗೆ ಅಂಟಿಕೊಂಡು, ಉಪ್ಪು ಬೆವರು ಕಣ್ಣಿಗಿಳಿಯುತ್ತಿದ್ದಾಗಲೂ ಕಿವಿಯಲ್ಲಿ ಅದೇ: ‘ಬೋರ್ಡು ಹಾಕ್ತ್ವನಾ?’ ಅವರಿಗೆ ಉತ್ತರ ಮೊದಲೇ ಗೊತ್ತಿತ್ತು. ನಾನು ಸುಳ್ಳು ಹೇಳುತ್ತೇನೆಯೇ ಎಂದು ನೋಡಿದರೇನೋ.

ಕ್ಯಾನ್ಸರಿಗಾಗಿ ಓಡುವುದು ಎಂದರೆ ಟೆರಿ ಫಾಕ್ಸ್‌ನ ನೆನಪಾಗುತ್ತದೆ. ಮೂಳೆಯ ಕ್ಯಾನ್ಸರಿಗೆ ಬಲಗಾಲನ್ನು ಕಳೆದುಕೊಂಡ ಆ ಕೆನಡಾದ ಹುಡುಗ 1980ರಲ್ಲಿ ಕೃತಕ ಕಾಲಿನಿಂದ 143 ದಿನ, 5,373 ಕಿಲೋಮೀಟರು ಓಡಿದ, ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ನಿಲ್ಲಿಸಿದ, ಮರುವರ್ಷ ತೀರಿಕೊಂಡ. ಅವನ ಓಟದಲ್ಲಿ ಅವನದೇ ಜೀವವಿತ್ತು. ನನ್ನದರಲ್ಲಿ ಒಂದು ಜೊತೆ ಶೂ ಸವೆಯುತ್ತದೆ, ಮೂವತ್ತು ಕಿಲೋಮೀಟರು ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರಿನಲ್ಲಿ ಮಂಡಿ ನೋಯುತ್ತದೆ, ಕೊನೆಗೆ ಕೊರಳಿಗೆ ಪದಕ ಬೀಳುತ್ತದೆ. ನನಗೆ ಈವರೆಗೆ ಹಣ ಕೊಟ್ಟ ಗೆಳೆಯರಿಗೂ ಅದರಿಂದ ನಷ್ಟವಾಗುವಂಥದ್ದೇನಿಲ್ಲ. ಈ ಪಟ್ಟಿಯಲ್ಲಿ, ತನ್ನ ದುಡ್ಡು ತನ್ನ ತೋಟದ ವಿರುದ್ಧವೇ ಕೆಲಸ ಮಾಡಬಹುದೆಂದು ಕೇಳಿ ತಿಳಿದುಕೊಂಡು ಕೊಟ್ಟವರು ಅವರೊಬ್ಬರೇ.

ಕೇಳಬೇಕೆಂದುಕೊಂಡವರ ಪಟ್ಟಿಯಲ್ಲಿ ಇನ್ನೊಬ್ಬರ ಹೆಸರಿತ್ತು, ಪಾನ್ ಮಸಾಲಾ ಪೊಟ್ಟಣಗಳ ಸಗಟು ವ್ಯಾಪಾರಿ. ಕೇಳಿದರೆ ಐದು ಪಟ್ಟು ಕೊಟ್ಟಾರು, ಜೊತೆಗೆ ಫೋಟೋ ಕೂಡ ತೆಗೆಸಿಯಾರು. ಜೊತೆಗೆ ಓಡುವ ಗೆಳೆಯ, ರೋಗಿಗೆ ದುಡ್ಡು ಮುಖ್ಯ, ಬೆಳೆದವನದನ್ನು ತೆಗೆದುಕೊಂಡು ಮಾರುವವನದನ್ನು ಬಿಡುವುದು ಎಂಥ ನ್ಯಾಯ ಎನ್ನುತ್ತಾನೆ. ಅವನ ಮಾತಿಗೆ ಪೂರಾ ಉತ್ತರ ನನ್ನಲ್ಲಿಲ್ಲ. ಆದರೆ ಆ ವ್ಯಾಪಾರಿ ಬೋರ್ಡಿನ ಪ್ರಶ್ನೆ ಕೇಳುವವರಲ್ಲ, ತಾವೇ ಪ್ರಾಯೋಜಿಸಿದ ಬೋರ್ಡು ಹಾಕಿಸುವವರು. ಅವರ ಹೆಸರನ್ನು ಹೊಡೆದುಹಾಕಿದ್ದೇನೆ, ಆ ಮೊತ್ತವನ್ನು ಬೇರೆ ಹತ್ತು ಮನೆಗಳಲ್ಲಿ ಕೇಳಿ ತುಂಬಿಸಬೇಕು.