ಮ್ಯಾನ್‌ಹೋಲ್ ಸಾವು: ತಡೆಯುವುದು ಹೇಗೆಂದು ಎಲ್ಲ ಬರೆದಿಟ್ಟಿದೆ

ಸುದ್ದಿ ಪ್ರತಿ ಸಲ ಒಂದೇ ಥರ ಬರುತ್ತದೆ. ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಒಬ್ಬ ಇಳಿದ, ಕೂಗಿದರೆ ಓಗೊಡಲಿಲ್ಲ. ಏನಾಯಿತೆಂದು ನೋಡಲು ಇನ್ನೊಬ್ಬ ಇಳಿದ, ಅವನನ್ನು ಎತ್ತಲು ಮೂರನೆಯವನು. ಸಂಜೆಯ ಹೊತ್ತಿಗೆ ಮೂರು ಹೆಣ. ಪರಿಹಾರ ಘೋಷಣೆಯಾಗುತ್ತದೆ, ಗುತ್ತಿಗೆದಾರ ತಲೆಮರೆಸಿಕೊಳ್ಳುತ್ತಾನೆ, ಎರಡು ದಿನ ದೇಶಕ್ಕೆಲ್ಲ ಸಿಟ್ಟು ಬರುತ್ತದೆ. ಆಮೇಲೆ ಇನ್ನೊಂದು ಊರಿನ ಸರದಿ. 2019ರಿಂದ 2023ರವರೆಗೆ ಹೀಗೆ ಸತ್ತವರು 377 ಮಂದಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿದೆ.

ಇವರಲ್ಲಿ ಯಾರೂ ವಿಜ್ಞಾನಕ್ಕೆ ಗೊತ್ತಿಲ್ಲದ ಕಾರಣದಿಂದ ಸತ್ತಿಲ್ಲ. ಗುಂಡಿಯೊಳಗೆ ಏನಿರುತ್ತದೆ, ಅದು ಎಷ್ಟು ಹೊತ್ತಿನಲ್ಲಿ ಕೊಲ್ಲುತ್ತದೆ, ತಡೆಯಲು ಏನೇನು ಬೇಕು, ಅದನ್ನು ಯಾರು ಒದಗಿಸಬೇಕು, ಒದಗಿಸದಿದ್ದರೆ ಯಾವ ಸೆಕ್ಷನ್ ಹಾಕಬೇಕು, ಎಲ್ಲವೂ ಬರಹದಲ್ಲಿದೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಸಿಟ್ಟು ಯಾರ ಕಡೆ ತಿರುಗಬೇಕೆಂದು ಗೊತ್ತಾಗುತ್ತದೆ.

ಮೊದಲು ಗಾಳಿಯ ವಿಷಯ. ಮಲ, ಕೆಸರು ಗಾಳಿಯಾಡದೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ, ಅಂದರೆ ಒಂದು ಪಿಪಿಎಂ ಕೂಡ ಇಲ್ಲದಿದ್ದರೂ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ 100 ಪಿಪಿಎಂ ದಾಟುತ್ತಿದ್ದಂತೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ. ಈಗ ವಾಸನೆ ಇಲ್ಲ, ಗಾಳಿ ಸರಿಯಾಯಿತು ಎಂದುಕೊಂಡು ಕೆಳಗಿಳಿಯುವವನು ನಿಜಕ್ಕೂ ವಿಷ ಹೆಚ್ಚಿರುವ ಕಡೆಗೇ ಹೋಗುತ್ತಿರುತ್ತಾನೆ. 500ರಿಂದ 700 ಪಿಪಿಎಂನಲ್ಲಿ ಕೆಲವೇ ನಿಮಿಷದಲ್ಲಿ ಕುಸಿಯುತ್ತಾನೆ. ಸಾವಿರದ ಹತ್ತಿರ ಬಂದರೆ ಒಂದೆರಡು ಉಸಿರು ಸಾಕು. ಕೂಗುವುದಕ್ಕೂ ಸಮಯವಿರುವುದಿಲ್ಲ, ಅದಕ್ಕೇ ಮೇಲೆ ನಿಂತವನಿಗೆ ಏನೂ ಕೇಳಿಸುವುದಿಲ್ಲ.

ಆಮ್ಲಜನಕದ ಕಥೆ ಬೇರೆ. ಹೊರಗಿನ ಗಾಳಿಯಲ್ಲಿ ಅದು ಶೇ 20.9 ಇರುತ್ತದೆ. 19.5ಕ್ಕಿಂತ ಕಡಿಮೆಯಿದ್ದರೆ ಇಳಿಯಬಾರದು. ಶೇ 10ಕ್ಕಿಂತ ಕೆಳಗಾದರೆ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಯಾವ ವಾಸನೆಯೂ ಇಲ್ಲ, ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ. ಹೊಸ ಮನೆಯ ಸಂಪು, ಇನ್ನೂ ಬಳಸದ ಸೆಪ್ಟಿಕ್ ಟ್ಯಾಂಕಿನೊಳಗೆ ಸೆಂಟ್ರಿಂಗ್ ಹಲಗೆ ಬಿಚ್ಚಲು ಇಳಿದವರು ಸಾಯುವುದು ಹೀಗೆಯೇ. ವಾರಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಒದ್ದೆ ಮರ ಕೊಳೆಯುತ್ತಾ ಆಮ್ಲಜನಕವನ್ನೆಲ್ಲ ಹೀರಿರುತ್ತದೆ. ಅಲ್ಲಿ ಮಲವೇ ಇಲ್ಲವಲ್ಲ ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಮನೆ ಕಟ್ಟಿಸುತ್ತಿರುವವರು ಈ ಒಂದು ಮಾತನ್ನಾದರೂ ಮೇಸ್ತ್ರಿಗೆ ಹೇಳಲೇಬೇಕು.

ಒಳಗಿನ ಗಾಳಿ ಸರಿಯಿದೆಯೇ ಎಂದು ತಿಳಿಯಲು ದೀಪ ಇಳಿಸಿ ನೋಡುವುದು, ಬೆಂಕಿಕಡ್ಡಿ ಗೀರಿ ಹಾಕುವುದು ಇವತ್ತಿಗೂ ನಡೆಯುತ್ತಿದೆ. ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಅದು ಸ್ಫೋಟವೇ. ದೀಪ ಉರಿದರೂ ಹೈಡ್ರೋಜನ್ ಸಲ್ಫೈಡ್ ಕೊಲ್ಲುವಷ್ಟು ಇರಬಹುದು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿದರೆ ಉಪಯೋಗ ಸೊನ್ನೆ. ಕಾರ್ಟ್ರಿಜ್ ಹಾಕಿದ ಮಾಸ್ಕ್ ಕೂಡ ಇಲ್ಲದ ಆಮ್ಲಜನಕವನ್ನು ಹುಟ್ಟಿಸುವುದಿಲ್ಲ. ಬೇಕಾಗಿರುವುದು ನಾಲ್ಕು ಅನಿಲ ಅಳೆಯುವ ಡಿಟೆಕ್ಟರ್: ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಮತ್ತು ಹೊತ್ತಿಕೊಳ್ಳುವ ಅನಿಲ. ಅದರ ಕೊಳವೆಯನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಒಂದು ಸಲ ಅಳೆದು ಪೆಟ್ಟಿಗೆಗೆ ಹಾಕಿದರೆ ಪ್ರಯೋಜನವಿಲ್ಲ. ಕೆಸರು ಕದಡಿದಾಗಲೇ ಅದರೊಳಗೆ ಸಿಕ್ಕಿಕೊಂಡ ಅನಿಲ ಬುಸ್ಸೆಂದು ಹೊರಬರುವುದು. ಹಾಗಾಗಿ ಇಳಿದವನ ಎದೆಯ ಹತ್ತಿರ ಅದು ಚಾಲೂ ಇರಬೇಕು, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಆದಾಗ ಕಿರುಚಿಕೊಳ್ಳಬೇಕು.

ಗಾಳಿ ಆಡಿಸುವುದಕ್ಕೂ ಕ್ರಮವಿದೆ. ಮುಂದಿನ ಮತ್ತು ಹಿಂದಿನ ಮ್ಯಾನ್‌ಹೋಲಿನ ಮುಚ್ಚಳವನ್ನೂ ಸೇರಿಸಿ ಕನಿಷ್ಠ ಒಂದು ಗಂಟೆ ಮೊದಲೇ ತೆಗೆದಿಡಬೇಕು. ಗಾಳಿ ಊದುವ ಯಂತ್ರದ, ಅಂದರೆ ಬ್ಲೋವರಿನ, ಪೈಪು ತಳ ಮುಟ್ಟುವಷ್ಟು ಕೆಳಗಿರಬೇಕು, ಗುಂಡಿಯ ಬಾಯಿಯ ಹತ್ತಿರವೇ ಊದಿದರೆ ಭಾರದ ಅನಿಲ ಅಲ್ಲೇ ಉಳಿಯುತ್ತದೆ. ಬ್ಲೋವರ್ ಗಾಳಿ ಎಳೆದುಕೊಳ್ಳುವ ಕಡೆ ಜನರೇಟರೋ ಲಾರಿಯೋ ಹೊಗೆ ಬಿಡುತ್ತಾ ನಿಂತಿದ್ದರೆ ಕಾರ್ಬನ್ ಮೊನಾಕ್ಸೈಡನ್ನು ನಾವೇ ಪಂಪು ಮಾಡಿದಂತೆ. 3 ಮೀಟರ್ ಆಳ, 1.2 ಮೀಟರ್ ಅಗಲದ ಗುಂಡಿಯಲ್ಲಿ ಇರುವ ಗಾಳಿ ಸುಮಾರು 3.4 ಘನ ಮೀಟರ್ ಮಾತ್ರ. ಅದನ್ನು ಬದಲಿಸುವುದು ಕಷ್ಟದ ಕೆಲಸವಲ್ಲ. ಆದರೆ ಪಕ್ಕದ ಪೈಪಿನಿಂದ ಅನಿಲ ಬರುತ್ತಲೇ ಇರುವುದರಿಂದ ಕೆಲಸ ಮುಗಿಯುವವರೆಗೂ ಬ್ಲೋವರ್ ನಿಲ್ಲಿಸಬಾರದು.

ಇನ್ನು ಹಗ್ಗ. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವ ಫೋಟೋಗಳನ್ನು ನೀವು ನೋಡಿರುತ್ತೀರಿ, ಹಗ್ಗವಾದರೂ ಇದೆಯಲ್ಲ ಎಂದುಕೊಂಡೂ ಇರುತ್ತೀರಿ. ಪ್ರಜ್ಞೆ ತಪ್ಪಿದವನನ್ನು ಸೊಂಟದಿಂದ ಎಳೆದರೆ ದೇಹ ಎರಡಾಗಿ ಮಡಚಿಕೊಳ್ಳುತ್ತದೆ. ತಲೆ ಒಂದು ಕಡೆ, ಕಾಲು ಒಂದು ಕಡೆ ಜೋತು, ಅರುವತ್ತು ಸೆಂಟಿಮೀಟರಿನ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಮೇಲಿರುವ ಇಬ್ಬರು ಎಷ್ಟು ಎಳೆದರೂ ಬರುವುದಿಲ್ಲ. ಆಗಲೇ ಒಬ್ಬ ತಾಳಲಾರದೆ ಕೆಳಗಿಳಿಯುತ್ತಾನೆ. ಇಡೀ ಮೈಗೆ ತೊಡಿಸುವ ಹಾರ್ನೆಸ್‌ನಲ್ಲಿ ಬೆನ್ನಿನ ಮೇಲ್ಭಾಗಕ್ಕೆ ಒಂದು ಉಕ್ಕಿನ ಉಂಗುರವಿರುತ್ತದೆ. ಹಗ್ಗ ಅಲ್ಲಿಗೆ ಸೇರಿದರೆ ಮನುಷ್ಯ ನೆಟ್ಟಗೆ ನಿಂತಂತೆಯೇ ಮೇಲೆ ಬರುತ್ತಾನೆ. ಗುಂಡಿಯ ಮೇಲೆ ಮುಕ್ಕಾಲಿಯಂತೆ ನಿಲ್ಲಿಸುವ ಟ್ರೈಪಾಡ್, ಅದಕ್ಕೊಂದು ಕೈಯಲ್ಲಿ ತಿರುಗಿಸುವ ವಿಂಚ್ ಇದ್ದರೆ ಒಬ್ಬನೇ ಸಾಕು, ಯಾರೂ ಒಳಗೆ ಹೋಗದೆ ಎತ್ತಬಹುದು. ಎರಡನೆಯ, ಮೂರನೆಯ ಸಾವನ್ನು ತಡೆಯುವುದು ಈ ಉಂಗುರ ಮತ್ತು ಈ ವಿಂಚ್. ಕಬ್ಬಿಣದ ಮೆಟ್ಟಿಲನ್ನು ನಂಬಬೇಡಿ, ಅದೇ ಅನಿಲ ಅದನ್ನು ಒಳಗಿಂದ ತಿಂದಿರುತ್ತದೆ.

ಯಾರಾದರೂ ಒಳಗೆ ಬಿದ್ದಾಗ ನೀವು ಅಲ್ಲಿದ್ದರೆ ಇಳಿಯಬೇಡಿ, ಬೇರೆಯವರನ್ನೂ ಬಿಡಬೇಡಿ. 112ಕ್ಕೆ ಕರೆ ಮಾಡಿ, ಸಿಲಿಂಡರ್ ಹೊತ್ತು ಉಸಿರಾಡುವ ಉಪಕರಣದೊಂದಿಗೆ ಅಗ್ನಿಶಾಮಕದವರು ಬರಬೇಕೆಂದು ಸ್ಪಷ್ಟವಾಗಿ ಹೇಳಿ. ಅವರು ಬರುವವರೆಗೆ ಹೊರಗಿನಿಂದಲೇ ಗಾಳಿ ಊದಿ. ಆಮ್ಲಜನಕದ ಸಿಲಿಂಡರನ್ನು ಒಳಗೆ ತೆರೆದುಬಿಡಬೇಡಿ, ಮೀಥೇನ್ ಇರುವ ಕಡೆ ಅದು ಬೆಂಕಿಗೆ ದಾರಿ.

ಇಷ್ಟೆಲ್ಲ ಇದ್ದರೂ ಮನುಷ್ಯನನ್ನೇ ಯಾಕೆ ಇಳಿಸುತ್ತಾರೆ? ಸಕ್ಕಿಂಗ್ ಯಂತ್ರ ತೆಳ್ಳಗಿನದನ್ನು ಎಳೆಯುತ್ತದೆ, ಗಟ್ಟಿಯಾದದ್ದನ್ನು ಎಳೆಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಬೇಕಾದ ಟ್ಯಾಂಕನ್ನು ತುಂಬಿ ಉಕ್ಕುವವರೆಗೆ ಬಿಟ್ಟರೆ ತಳದ ಕೆಸರು ಜೇಡಿಯಾಗಿ ಕೂರುತ್ತದೆ. ಮೇಲೆ ಸ್ಲ್ಯಾಬ್ ಮುಚ್ಚಿ ಟೈಲ್ಸ್ ಹಾಕಿಬಿಟ್ಟಿದ್ದರೆ ಪೈಪು ಬಿಡಲು ಒಂದೇ ಒಂದು ಕಿಂಡಿ, ಮೂಲೆಗೆ ಅದು ತಲುಪುವುದಿಲ್ಲ. ಸರಿಯಾದ ದಾರಿ ಮೇಲಿಂದಲೇ ಒತ್ತಡದ ನೀರು ಹೊಡೆದು ಕದಡಿ, ತೆಳ್ಳಗೆ ಮಾಡಿ, ಮತ್ತೆ ಎಳೆಯುವುದು. ಅದಕ್ಕೆ ಇನ್ನೊಂದು ಟ್ರಿಪ್ ನೀರು, ಇನ್ನಷ್ಟು ಹೊತ್ತು, ಇನ್ನಷ್ಟು ಹಣ. ಹಣ ಕೊಡಲು ಮಾಲೀಕನಿಗೆ ಮನಸ್ಸಿಲ್ಲ, ಕೆಲಸ ಕಳೆದುಕೊಳ್ಳಲು ಬಡವನಿಗೆ ಧೈರ್ಯವಿಲ್ಲ. ಒಂದು ಬಕೆಟ್ ಕೊಟ್ಟು ಅವನನ್ನು ಇಳಿಸುತ್ತಾರೆ. ಒಳಚರಂಡಿಯಲ್ಲಿ ಕಟ್ಟಿಕೊಳ್ಳುವುದು ನಾವು ಎಸೆದ ಬಟ್ಟೆ, ಪ್ಲಾಸ್ಟಿಕ್, ಪ್ಯಾಡು. ಒತ್ತಡದ ನೀರು ಹೊಡೆದು ಅದನ್ನು ಬಿಡಿಸುವ ಜೆಟ್ಟಿಂಗ್ ಲಾರಿ ಓಣಿಗೆ ಬರುವುದಿಲ್ಲ ಎಂಬುದು ಅಲ್ಲಿಯ ನೆಪ. ಹೈದರಾಬಾದಿನ ಜಲಮಂಡಳಿ 2017ರಲ್ಲೇ ಓಣಿಗೆ ಹೋಗುವ ಸಣ್ಣ ಜೆಟ್ಟಿಂಗ್ ಯಂತ್ರಗಳನ್ನು ಇಳಿಸಿತು. ಕೇರಳದ ಯುವ ಎಂಜಿನಿಯರುಗಳು ಮಾಡಿದ, ಮ್ಯಾನ್‌ಹೋಲ್ ಶುಚಿ ಮಾಡುವ ಬ್ಯಾಂಡಿಕೂಟ್ ರೋಬೊ 2018ರಿಂದ ಕೆಲಸ ಮಾಡುತ್ತಿದೆ. ಆ ನೆಪವನ್ನು ಇನ್ನು ಒಪ್ಪಬೇಕಾಗಿಲ್ಲ.

ಕಾನೂನಂತೂ ಬೇಕಾದಷ್ಟಿದೆ. ನಮ್ಮಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ಆಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದ 1993ರ ಕೇಂದ್ರ ಕಾಯ್ದೆ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು ದಶಕಗಳ ಕಾಲ ಹೋರಾಡಿದ ಮೇಲೆ 2013ರ ಕಾಯ್ದೆ. ಇಷ್ಟರ ನಡುವೆ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಸಮುದಾಯದ ಜನ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2013ರ ಕಾಯ್ದೆಯ 7ನೇ ಸೆಕ್ಷನ್ ಅಪಾಯಕಾರಿ ಶುಚಿಗೊಳಿಸುವಿಕೆಗೆ, ಅಂದರೆ ಸುರಕ್ಷಾ ಸಾಧನವಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕನ್ನು ಕೈಯಿಂದ ಶುಚಿ ಮಾಡಿಸುವುದಕ್ಕೆ, ಯಾರನ್ನೂ, ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ನೇಮಿಸಬಾರದು ಎನ್ನುತ್ತದೆ. 9ನೇ ಸೆಕ್ಷನ್ನಿನಲ್ಲಿ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷ. ಜಾಮೀನುರಹಿತ ಅಪರಾಧ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ಹೀಗಿದ್ದೂ 2021ರ ಜುಲೈನಲ್ಲಿ, ಮಲ ಹೊರುವ ಪದ್ಧತಿಯಿಂದ ಸತ್ತವರ ವರದಿ ಇಲ್ಲವೆಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಗುಂಡಿಯಲ್ಲಿ ಸತ್ತವರನ್ನು ಬೇರೆ ಪಟ್ಟಿಗೆ ಸೇರಿಸಿದ್ದರಿಂದ ಈ ಪಟ್ಟಿ ಖಾಲಿ ಉಳಿಯಿತು. ಸತ್ತವನ ಮನೆಯವರು ಆ ಉತ್ತರವನ್ನು ಹೇಗೆ ಕೇಳಿಸಿಕೊಂಡಿರಬಹುದು! ಆಮೇಲೆ ಕೇಂದ್ರವೇ ಮಾಡಿಸಿದ ಸಾಮಾಜಿಕ ಪರಿಶೋಧನೆಯಲ್ಲಿ 54 ಸಾವುಗಳನ್ನು ಪರಿಶೀಲಿಸಿದಾಗ 49ರಲ್ಲಿ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ಉಪಕರಣ ಕೈಕೊಟ್ಟು ಸತ್ತವರಲ್ಲ, ಉಪಕರಣವೇ ಬಂದಿರಲಿಲ್ಲ.

ಶಿಕ್ಷೆ ಆಗದಿರುವುದಕ್ಕೆ ಕಾರಣ ಠಾಣೆಯ ಮೊದಲ ಕಾಗದದಲ್ಲೇ ಇರುತ್ತದೆ. ಹಲವು ಸಲ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಮಾತ್ರ ದಾಖಲಾಗುತ್ತದೆ. ‘ಕಾಲು ಜಾರಿ ಬಿದ್ದು’ ಎಂದು ಬರೆದರೆ ಅಲ್ಲಿಗೆ ಮುಗಿಯಿತು, ಕೆಲಸ ಕೊಟ್ಟವನೇ ಕಥೆಯಲ್ಲಿ ಇರುವುದಿಲ್ಲ. ಎಫ್‌ಐಆರ್ ಆದರೂ ನಿರ್ಲಕ್ಷ್ಯದ ಸಾವಿನ ಸೆಕ್ಷನ್ ಒಂದೇ, ಭಾರತೀಯ ನ್ಯಾಯ ಸಂಹಿತೆಯ 106. ಸತ್ತವರ ಕಡೆಯವರು ಮತ್ತು ಜೊತೆಗೆ ಹೋದ ಸಂಘಟನೆಯವರು ಪಟ್ಟು ಹಿಡಿಯಬೇಕಾದದ್ದು ಇಲ್ಲೇ. 2013ರ ಕಾಯ್ದೆಯ 7 ಮತ್ತು 9, ಸತ್ತವರು ಪರಿಶಿಷ್ಟರಾಗಿದ್ದರೆ ಮಲ ಹೊರಿಸುವುದನ್ನು ಅಪರಾಧವೆನ್ನುವ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ), ಇವನ್ನು ಮೊದಲ ದಿನವೇ ಸೇರಿಸಿ ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೆಲಸಕ್ಕೆ ಕರೆದವರ ಫೋನ್ ಕರೆಯ ದಾಖಲೆ, ಲಾರಿಯ ನಂಬರು, ಗುಂಡಿಯ ಪಕ್ಕ ಬಿದ್ದಿರುವ ಬಕೆಟ್ಟು ಹಗ್ಗ, ಯಾವ ಹಾರ್ನೆಸ್ಸೂ ಇಲ್ಲದ ಜಾಗದ ಫೋಟೋ, ಇವೆಲ್ಲ ಅವತ್ತೇ ಆಗಬೇಕು. ಮಾರನೆಯ ದಿನ ಅಲ್ಲಿ ಹೊಸ ಗ್ಲೌಸು, ಗಂಬೂಟು ಬಂದು ಕೂತಿರಬಹುದು. ಮರಣೋತ್ತರ ವರದಿಯಲ್ಲಿ ವಿಷಾನಿಲದ ಉಲ್ಲೇಖವಿದೆಯೇ ಎಂದು ಕೇಳಿ ನೋಡಬೇಕು.

ಪರಿಹಾರ 2014ರಲ್ಲಿ 10 ಲಕ್ಷ ಇತ್ತು. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು, ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ. ಗುತ್ತಿಗೆದಾರ ಸ್ಮಶಾನದಲ್ಲೇ ಐದೋ ಹತ್ತೋ ಲಕ್ಷಕ್ಕೆ ಬಾಂಡ್ ಪೇಪರ್ ತಂದರೆ ಸಹಿ ಹಾಕಬೇಡಿ. ಅರ್ಜಿಯನ್ನು ಜಿಲ್ಲಾಧಿಕಾರಿಗೆ ಕೊಡಿ, ಒಂದು ಪ್ರತಿಯನ್ನು ಸಫಾಯಿ ಕರ್ಮಚಾರಿಗಳ ಆಯೋಗಕ್ಕೆ ಕಳಿಸಿ. ನಗರಸಭೆಯ ಕೆಲಸವಾಗಿದ್ದರೆ ಟೆಂಡರ್ ಕರಾರಿನ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ: ಡಿಟೆಕ್ಟರ್, ಬ್ಲೋವರ್, ಟ್ರೈಪಾಡ್ ಎಷ್ಟೆಷ್ಟು ಎಂದು ಬರೆದಿದೆಯೇ, ಬರೆದಿದ್ದರೆ ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು, ಇಳಿಯಲು ಲಿಖಿತ ಅನುಮತಿ ಕೊಟ್ಟವರು ಯಾರು. ಅನುಮತಿಯೇ ಇಲ್ಲವೆಂದು ಉತ್ತರ ಬಂದರೆ ಆ ಉತ್ತರದ ಪ್ರತಿಯನ್ನು ತನಿಖಾಧಿಕಾರಿಗೆ ಒಪ್ಪಿಸಿ, ಆರೋಪಿಗಳ ಪಟ್ಟಿಗೆ ಕೆಲಸದ ಉಸ್ತುವಾರಿ ಹೊತ್ತ ಅಧಿಕಾರಿಯ ಹೆಸರೂ ಸೇರಬೇಕೆಂದು ಕೇಳಿ.