ಗೋಡೆ ಏಳುವ ಮೊದಲೇ ಶೀಟು ಹೊದಿಸಿದಾಗ

ಶಟಲ್ ಕೋರ್ಟಿನ ನಡುವೆ ಕಂಬ ಬರುವ ಹಾಗಿಲ್ಲ. ಅದಕ್ಕೇ ಒಳಾಂಗಣ ಕ್ರೀಡಾಂಗಣ ಅಂದರೆ ಉದ್ದನೆಯ ಉಕ್ಕಿನ ಟ್ರಸ್ (ತ್ರಿಕೋನಗಳ ಜೋಡಣೆಯ ಚೌಕಟ್ಟು), ಮೇಲೆ ಪರ್ಲಿನ್ (ಶೀಟನ್ನು ಹೊರುವ ಅಡ್ಡಪಟ್ಟಿ), ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ಶೀಟು. ಒಂದು ಚದರ ಮೀಟರ್ ಶೀಟಿನ ತೂಕ 5 ಕೆಜಿ ಆಸುಪಾಸು. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಊರಿನಲ್ಲಿ ಇಂಥ ಛಾವಣಿಯ ಲೆಕ್ಕ ನಾನೇ ಮಾಡಿದ್ದೆ. ಟ್ರಸ್ ಸಮೇತ ಚದರ ಮೀಟರಿಗೆ 25 ಕೆಜಿ ದಾಟಲಿಲ್ಲ ಅಂತ ನನಗೆ ತುಂಬಾ ಖುಷಿಯಾಗಿತ್ತು.

ಆದರೆ ಹಗುರ ಛಾವಣಿಗೆ ಕಷ್ಟ ಕೊಡುವುದು ಅದರ ಭಾರವಲ್ಲ, ಗಾಳಿ. ಕಟ್ಟಡದ ಮೇಲೆ ಬೀಳುವ ಭಾರಗಳ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದ ಪ್ರಕಾರ ಮಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಒತ್ತಡಕ್ಕೆ ತಿರುಗಿಸಿದರೆ ಚದರ ಮೀಟರಿಗೆ ಸುಮಾರು 93 ಕೆಜಿ. ಛಾವಣಿಯ ಮೇಲೆ ಅದರ ಬಹುಪಾಲು ಸೆಳೆತವಾಗಿ ಮೇಲಕ್ಕೆ ಎಳೆಯುತ್ತದೆ. 25 ಕೆಜಿಯ ಛಾವಣಿ ತನ್ನ ತೂಕದಿಂದಲೇ ಕೂತಿರುತ್ತದೆ ಅಂತ ನಂಬುವ ಹಾಗೇ ಇಲ್ಲ. ಇದು ನನಗೆ ಗೊತ್ತಿತ್ತು. ಅದಕ್ಕೆ ಬೇಕಾದ ಸ್ಕ್ರೂ, ಬೋಲ್ಟ್, ಪಾಯದ ಕಾಂಕ್ರೀಟು ಎಲ್ಲ ಲೆಕ್ಕ ಹಾಕಿದ್ದೆ.

ತಪ್ಪಿದ್ದು ಬೇರೆ ಕಡೆ. ನಾನು ಲೆಕ್ಕ ಹಾಕಿದ್ದು ನಾಲ್ಕೂ ಕಡೆ ಗೋಡೆ ಇರುವ ಕಟ್ಟಡಕ್ಕೆ. ಸೈಟಿನಲ್ಲಿ ಮಳೆಗಾಲ ಹತ್ತಿರ ಬಂತು ಅಂತ ಮೊದಲು ಶೀಟು ಹೊದಿಸಲು ಶುರು ಮಾಡಿದರು. ಪಡುವಣ ಕಡೆಯ ಗೋಡೆ ಇನ್ನೂ ಎದ್ದಿರಲಿಲ್ಲ. "ಮಳೆಗೆ ಮೊದಲು ಮುಚ್ಚಿಬಿಡೋಣ ಸಾರ್" ಅಂತ ಫೋನಿನಲ್ಲಿ ಕೇಳಿದಾಗ ಸರಿ ಅಂದವನು ನಾನೇ.

ಮೇ ತಿಂಗಳ ಒಂದು ಸಂಜೆ ಕಡಲ ಕಡೆಯಿಂದ ಗಾಳಿ ಎದ್ದಿತು. ತೆರೆದ ಬದಿಯಿಂದ ಒಳಗೆ ನುಗ್ಗಿ ಶೀಟನ್ನು ಕೆಳಗಿನಿಂದ ತಳ್ಳಿತು. ಮೇಲಿನಿಂದ ಸೆಳೆತ, ಒಳಗಿನಿಂದ ನೂಕು, ಎರಡೂ ಒಂದೇ ದಿಕ್ಕಿಗೆ. ಮುಚ್ಚಿದ ಕಟ್ಟಡಕ್ಕೆ ಒಳಗಿನ ಒತ್ತಡದ ಗುಣಾಂಕ, ಅಂದರೆ ಗಾಳಿಯ ಒತ್ತಡದ ಎಷ್ಟು ಪಾಲು ಅನ್ನುವ ಸಂಖ್ಯೆ, 0.2. ಗೋಡೆಯ ಶೇಕಡಾ 20ಕ್ಕಿಂತ ಜಾಸ್ತಿ ತೆರೆದಿದ್ದರೆ ಅದೇ 0.7. ಹೊರಗಿನ ಸೆಳೆತ 0.8 ಇದ್ದರೆ, ಒಟ್ಟು 1.0 ಇದ್ದದ್ದು 1.5 ಆಗುತ್ತದೆ. ಗಾಳಿ ಅಷ್ಟೇ, ಎಳೆತ ಮಾತ್ರ ಒಂದೂವರೆ ಪಟ್ಟು.

ಅಂಚಿನ ಹನ್ನೊಂದು ಶೀಟು ಹೋದವು. ಒಂದು ಪಕ್ಕದ ತೋಟದ ತೆಂಗಿನ ಮರಕ್ಕೆ ಸುತ್ತಿಕೊಂಡಿತ್ತು. ಕೆಲಸದವರೆಲ್ಲ ಆಗಲೇ ಇಳಿದು ಹೋಗಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮಾರನೇ ದಿನ ಹಿರಿಯ ಫಿಟ್ಟರ್ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದರು. "ನೋಡಿ ಸಾರ್, ಸ್ಕ್ರೂ ಕಿತ್ತಿಲ್ಲ." ನಿಜ, ಸ್ಕ್ರೂಗಳು ಪರ್ಲಿನ್‌ನಲ್ಲಿ ಹಾಗೇ ನಿಂತಿದ್ದವು. ಒಂದೊಂದರ ತಲೆಯ ಕೆಳಗೂ ಕಪ್ಪು ರಬ್ಬರ್ ವಾಷರ್, ಅದಕ್ಕೆ ಅಂಟಿಕೊಂಡು ಉಗುರಿನಷ್ಟು ನೀಲಿ ಶೀಟಿನ ಚೂರು. ಶೀಟು ಸ್ಕ್ರೂ ತಲೆಯ ಸುತ್ತ ಹರಿದು ಹೋಗಿತ್ತು. ಸೆಳೆತ ಜೋರಾಗಿರುವ ಅಂಚಿನಲ್ಲಿ ಶೀಟಿನ ಪ್ರತಿ ಉಬ್ಬುಗೆರೆಗೂ ಸ್ಕ್ರೂ ಬೇಕಿತ್ತು. "ಗೋಡೆ ಆದಮೇಲೆ ಹೊಡೆಯೋಣ" ಅಂತ ಒಂದು ಬಿಟ್ಟು ಒಂದಕ್ಕೆ ಹಾಕಿದ್ದರು.

2024ರ ಅಕ್ಟೋಬರಿನಲ್ಲಿ ಮಿಲ್ಟನ್ ಚಂಡಮಾರುತ ಫ್ಲಾರಿಡಾದ ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣದ ಬಟ್ಟೆಯ ಛಾವಣಿಯನ್ನು ಚಿಂದಿ ಮಾಡಿದ ಚಿತ್ರ ನೋಡಿದಾಗ ನನಗೆ ಆ ನೀಲಿ ಚೂರೇ ಕಣ್ಣಿಗೆ ಬಂತು. ಅಲ್ಲೂ ಅಸ್ಥಿಪಂಜರ ನಿಂತಿತ್ತು, ಚರ್ಮ ಹೋಗಿತ್ತು.

ಈಗ ನಾನು ಅರ್ಧ ಕಟ್ಟಿದ ಕಟ್ಟಡಕ್ಕೂ ಬೇರೆಯಾಗಿ ಲೆಕ್ಕ ಹಾಕುತ್ತೇನೆ. ಪರ್ಲಿನ್‌ನ ಕೆಳ ಅಂಚನ್ನು ವಿಶೇಷವಾಗಿ ನೋಡುತ್ತೇನೆ. ಗಾಳಿ ಮೇಲೆತ್ತಿದಾಗ ಆ ಅಂಚಿಗೆ ಒತ್ತಡ ಬಿದ್ದು ಸೊಟ್ಟಗಾಗುತ್ತದೆ, ಅಲ್ಲಿ ಅದನ್ನು ಹಿಡಿದುಕೊಳ್ಳಲು ಶೀಟು ಇರುವುದಿಲ್ಲ ಅಲ್ವಾ. ಯಾವ ಗೋಡೆ ಮೊದಲು, ಯಾವ ಶೀಟು ಆಮೇಲೆ ಅನ್ನುವುದು ಡ್ರಾಯಿಂಗಿನಲ್ಲೇ ಕನ್ನಡದಲ್ಲಿ ಬರೆದಿರುತ್ತದೆ. ಅಂಚಿನ ಸ್ಕ್ರೂಗಳನ್ನು ಸಂಜೆ ಫಿಟ್ಟರ್ ಜೊತೆ ನಿಂತು ಎಣಿಸಿದ ಮೇಲೆಯೇ ಏಣಿ ಇಳಿಯುತ್ತೇನೆ.