ಬಿಸಿಯಾದ್ರೆ ಸೆಲ್ಫ್ ತಗೊಳ್ಳದ ಕಾರು: ತಪ್ಪು ಸಿಕ್ತು

ಮೂರು ಭಾನುವಾರ ಹಿಡಿಯಿತು. ನನ್ನ ಹಳೇ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಈಗ ಬಿಸಿ ಇದ್ದಾಗಲೂ ಸ್ಟಾರ್ಟ್ ಆಗುತ್ತಿದೆ, ತುಂಬಾ ಖುಷಿಯಾಗಿದೆ.

ಬೆಳಿಗ್ಗೆ ಬಳ್ಳಾರಿಯಲ್ಲಿ ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದುಬಿಡುತ್ತಿತ್ತು. ಹೊಸಪೇಟೆ ರಸ್ತೆಯಲ್ಲಿ ತೋರಣಗಲ್ಲಿನ ತನಕ ಹೋಗಿ, ಒಗ್ಗರಣಿ ಮಿರ್ಚಿ ತಿಂದು ಕಾಲು ಗಂಟೆ ಬಿಟ್ಟು ಬಂದರೆ ‘ಟಕ್’ ಅಂತ ಒಂದೇ ಸದ್ದು. ತಣ್ಣಗಾದ ಮೇಲೆ ಮತ್ತೆ ಸರಿ.

ಮೊದಲನೇ ಭಾನುವಾರ ಬ್ಯಾಟರಿ ನೋಡಿದೆ. 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಅದು ಗಟ್ಟಿ ಇದೆ. ಆಮೇಲೆ ಬ್ಯಾಟರಿ ಮೈನಸ್‌ಗೂ ಸೆಲ್ಫ್ ಮೋಟರ್ ಮೈಗೂ ಮಲ್ಟಿಮೀಟರ್ ಹಿಡಿದು ತಮ್ಮನಿಗೆ ಕೀ ತಿರುಗಿಸು ಅಂದೆ: 0.9 ವೋಲ್ಟ್. ಅಂದ್ರೆ ಅಷ್ಟು ವೋಲ್ಟ್ ದಾರಿಯಲ್ಲೇ ಹೋಗ್ತಿದೆ, 0.2 ದಾಟಬಾರದು. ಬ್ಯಾಟರಿ ಮೈನಸ್ ಸೇರಿಸುವ ಅರ್ತ್ ಪಟ್ಟಿ ಬಿಚ್ಚಿದರೆ ಬೋಲ್ಟ್ ಕೆಳಗೆ ನಮ್ಮೂರ ಕೆಂಪು ಧೂಳು ಎಣ್ಣೆ ಕುಡಿದು ಗೋಂದಿನ ಹಾಗೆ ಕೂತಿತ್ತು. ಎಮರಿ ಪೇಪರ್‌ನಲ್ಲಿ ಉಜ್ಜಿ 0.1ಕ್ಕೆ ಇಳಿಸಿದೆ. ತಣ್ಣಗಿದ್ದಾಗ ಜೋರಾಗಿ ತಿರುಗಿತು, ಬಿಸಿಯಲ್ಲಿ ಮಾತ್ರ ಅದೇ ಟಕ್.

ಗ್ಯಾರೇಜಿನ ಕಾಕಾ, "ಸೆಲ್ಫ್ ಬಿಚ್ಚಿ ಕಾರ್ಬನ್ ಬದಲಿಸಿಬಿಡೋಣ ತಮ್ಮಾ" ಅಂದರು. "ತಡೀರಿ ಕಾಕಾ, ಬಿಸಿ ಇದ್ದಾಗ ಒಂದ್ಸಲ ಅಳೀತೀನಿ" ಅಂದೆ.

ಎರಡನೇ ವಾರ ಅಳೆದೆ. ಕೀ ತಿರುಗಿಸಿದಾಗ ಸೊಲೆನಾಯ್ಡ್‌ನ (ಸೆಲ್ಫ್ ಮೇಲಿನ, ಮೋಟರ್‌ಗೆ ಕರೆಂಟ್ ಕೊಡುವ ಅಯಸ್ಕಾಂತದ ಸ್ವಿಚ್) ಸಣ್ಣ ವೈರಿಗೆ ಬರುತ್ತಿದ್ದದ್ದು ಬರೀ 8.1 ವೋಲ್ಟ್! ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿ ಪ್ಲಸ್‌ನಿಂದ ನೇರ ಒಂದು ವೈರ್ ತಂದು ಆ ಟರ್ಮಿನಲ್‌ಗೆ ಮುಟ್ಟಿಸಿದೆ. ಬಿಸಿ ಎಂಜಿನ್ ಗರ್ ಅಂತ ತಿರುಗಿತು. ಅಂದ್ರೆ ಮೋಟರ್ ಸರಿ ಇದೆ, ಹಳೇ ಕೀ ಸ್ವಿಚ್ಚಿನ ಕಾಂಟ್ಯಾಕ್ಟು, ಉದ್ದದ ವೈರು ವೋಲ್ಟೇಜ್ ತಿಂದು ಹಾಕ್ತಿವೆ. ತಣ್ಣಗಿದ್ದಾಗ ಅಷ್ಟರಲ್ಲೇ ಹೇಗೋ ನಡೆಯುತ್ತಿತ್ತು. ಆದರೆ ಸೆಲ್ಫ್ ಇರೋದು ಎಂಜಿನ್ನಿನ ಬಿಸಿ ಹೊಗೆ ಹೊರಹಾಕುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ. ಎಂಜಿನ್ ಆಫ್ ಮಾಡಿದರೆ ಗಾಳಿ ಆಡಲ್ಲ, ಶಾಖವೆಲ್ಲಾ ಅದಕ್ಕೇ ಹೋಗುತ್ತೆ. ಸೊಲೆನಾಯ್ಡ್ ಒಳಗಿನ ತಾಮ್ರದ ಸುರುಳಿ 80 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು 30% ಏರುತ್ತೆ, ಆಗ 8 ವೋಲ್ಟ್‌ಗೆ ಸೊಲೆನಾಯ್ಡ್ ಪೂರ್ತಿ ಎಳೆಯೋದೇ ಇಲ್ಲ.

ನಿನ್ನೆ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕಿದೆ. ಅದರ ಪಿನ್ ನಂಬರ್ 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ವೈರ್, 87ರಿಂದ ಸೊಲೆನಾಯ್ಡ್‌ಗೆ, 86ಕ್ಕೆ ಹಳೇ ಕೀ ವೈರ್, 85 ಅರ್ತ್‌ಗೆ. ಈಗ ಕೀ ಸ್ವಿಚ್ ರಿಲೇ ಎಬ್ಬಿಸಿದರೆ ಸಾಕು, ಭಾರ ಹೊರೋದು ರಿಲೇ.

ಸಂಜೆ ತೋರಣಗಲ್ಲಿಗೆ ಹೋಗಿ, ಮಿರ್ಚಿ ತಿಂದು, ಬೇಕಂತಲೇ ಇಪ್ಪತ್ತು ನಿಮಿಷ ನಿಲ್ಲಿಸಿ ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್. ಆಫ್ ಮಾಡಿ ಇನ್ನೂ ಮೂರು ಸಲ ನೋಡಿದೆ, ಮೂರೂ ಸಲ ತಗೊಂಡಿತು. ಮುಂದಿನ ವಾರ ಮ್ಯಾನಿಫೋಲ್ಡಿಗೂ ಸೆಲ್ಫಿಗೂ ನಡುವೆ ಒಂದು ತಗಡು ಕಟ್ಟಬೇಕು. ಕಾಕಾ ಅವರ ಹತ್ತಿರ ಅಳತೆಗೆ ಸರಿಯಾದ ತುಂಡು ಇದೆಯಂತೆ.